‘ನಿನ್ನ ಊರು ಯಾವುದು?’ ಎಂದು ತೆರಿಗೆ ಕೇಳಿದಾಗ



ಶಾಲೆಯಲ್ಲಿದ್ದಾಗ ನನ್ನ ಮಕ್ಕಳು ಕೇಳುತ್ತಿದ್ದ ಪ್ರಶ್ನೆಗಳು ಪಾಣಿಪತ್ತಿನ ಕದನಗಳ ಇಸವಿಯನ್ನೋ, ರಾಜ್ಯಸಭೆಯ ಸದಸ್ಯರ ಸಂಖ್ಯೆಯನ್ನೋ ಕುರಿತವಾಗಿರುತ್ತಿದ್ದವು. ಈಗ ಅದೇ ಮಕ್ಕಳು ತಲೆಗೂದಲು ನರೆಯುವ ವಯಸ್ಸಿಗೆ ಬಂದಿದ್ದಾರೆ. ಅವರ ಪ್ರಶ್ನೆಗಳೂ ಅವರೊಂದಿಗೆ ಬೆಳೆದಿವೆ. ಒಂದೇ ತಿಂಗಳಿನಲ್ಲಿ ಮೂವರು ನನ್ನನ್ನು ಮೂರು ಪ್ರಶ್ನೆ ಕೇಳಿದರು. ಮೇಲ್ನೋಟಕ್ಕೆ ಬೇರೆ ಬೇರೆಯಾಗಿದ್ದರೂ ಮೂರರ ಬೇರು ಒಂದೇ ಎಂದು ನನಗೆ ತೋರಿದ್ದರಿಂದ ಈ ಬರಹ.

ಮೊದಲನೆಯವನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡಿರುವವನು. ಕಂಪನಿಯವರು ಅವನನ್ನು ಹದಿನಾಲ್ಕು ತಿಂಗಳ ಮಟ್ಟಿಗೆ ಟೆಕ್ಸಾಸಿಗೆ ಕಳುಹಿಸಿದ್ದರು. ‘ಸರ್, ಇರುವುದು ಇಲ್ಲಿ, ಉಣ್ಣುವುದು ಇಲ್ಲಿ, ತೆರಿಗೆ ಮಾತ್ರ ಅಲ್ಲಿಗೆ ಕಟ್ಟು ಎನ್ನುತ್ತಾರೆ. ಇದು ನ್ಯಾಯವೇ?’ ಎಂದು ಅವನ ಪ್ರಶ್ನೆ. ಎರಡನೆಯವಳು ಹೈದರಾಬಾದಿನ ಕಂಪನಿಯೊಂದರ ನೌಕರಳು. ತಂದೆಯ ಅನಾರೋಗ್ಯದ ನಿಮಿತ್ತ ಎಂಟು ತಿಂಗಳು ಹರಿಹರದ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡಿದಳು. ‘ನಾನೀಗ ತೆಲಂಗಾಣದವಳೋ ಕರ್ನಾಟಕದವಳೋ? ಆದಾಯ ತೆರಿಗೆ ಯಾವ ರಾಜ್ಯದ ಲೆಕ್ಕಕ್ಕೆ?’ ಎಂದು ಅವಳ ಆತಂಕ. ಮೂರನೆಯವನು ದಾವಣಗೆರೆಯಲ್ಲೇ ವ್ಯಾಪಾರಸ್ಥ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನು. ‘ದೆಹಲಿಯವರು ನಮಗೆ ಸಲ್ಲಬೇಕಾದಷ್ಟು ಕೊಡುವುದಿಲ್ಲ. ಆದಾಯ ತೆರಿಗೆಯನ್ನು ರಾಜ್ಯಗಳೇ ವಸೂಲು ಮಾಡಿಕೊಂಡರೆ ತಪ್ಪೇನು?’ ಎಂಬುದು ಅವನ ವಾದ.

ಮೂರನೆಯವನ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರಿನಷ್ಟು ಪಯಣಿಸಿ ಹರಿಹರದ ಹೊಳೆಯ ದಂಡೆಯ ಮೇಲೆ ನಿಂತರೆ ಸಾಕು.

ಇಂದು ತುಂಗಭದ್ರೆಯ ಈಚೆ ಹರಿಹರ, ದಾವಣಗೆರೆ ಜಿಲ್ಲೆ. ಆಚೆ ಕುಮಾರಪಟ್ಟಣ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಹರಿಹರದಲ್ಲಿ ಮನೆಯಿದ್ದು ಆಚೆಯ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದವರ ಮಕ್ಕಳು ನನ್ನ ತರಗತಿಯಲ್ಲಿ ಎಷ್ಟೋ ಮಂದಿ ಇದ್ದರು. ಸೇತುವೆ ದಾಟುವಾಗ ತಮ್ಮ ತಂದೆ ಯಾವ ಗಡಿಯನ್ನು ದಾಟುತ್ತಾರೆಂದು ಕೇಳಿದರೆ ಆ ಮಕ್ಕಳು ಮಿಕಮಿಕ ನೋಡುತ್ತಿದ್ದರು. ಆದರೆ 1956ರ ನವೆಂಬರ್ 1ರ ಹಿಂದಿನ ದಿನದವರೆಗೆ ಅದು ಎರಡು ರಾಜ್ಯಗಳ ಗಡಿಯಾಗಿತ್ತು. ಈಚೆಯದು ಮೈಸೂರು, ಚಿತ್ರದುರ್ಗ ಜಿಲ್ಲೆ. ಆಚೆಯದು ಮುಂಬಯಿ, ಧಾರವಾಡ ಜಿಲ್ಲೆ. ಸ್ವಾತಂತ್ರ್ಯಕ್ಕೆ ಮುಂಚೆಯಂತೂ ಈಚೆ ಮಹಾರಾಜರ ಆಳ್ವಿಕೆ, ಆಚೆ ಬ್ರಿಟಿಷರ ಆಳ್ವಿಕೆ.

ಆಗ ಆದಾಯ ತೆರಿಗೆಯೂ ಎರಡಾಗಿತ್ತು. ಬ್ರಿಟಿಷ್ ಭಾರತದಲ್ಲಿ 1922ರ ಆದಾಯ ತೆರಿಗೆ ಕಾಯಿದೆ. ಮೈಸೂರು ಸಂಸ್ಥಾನದಲ್ಲಿ 1923ರ ಮೈಸೂರು ಆದಾಯ ತೆರಿಗೆ ಕಾಯಿದೆ. ಎರಡಕ್ಕೂ ಬೇರೆ ಬೇರೆ ಅಧಿಕಾರಿಗಳು, ಬೇರೆ ಬೇರೆ ಬೊಕ್ಕಸ. ಹೀಗಾಗಿ ‘ನೀನು ಎಲ್ಲಿಯ ನಿವಾಸಿ?’ ಎಂಬ ಪ್ರಶ್ನೆ ನಮ್ಮ ಭಾಗದ ಹತ್ತಿ, ಕಾಳುಕಡಿ, ಅಡಿಕೆಯ ವರ್ತಕರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ; ಖಾತೆ ಪುಸ್ತಕದ ಪ್ರಶ್ನೆಯಾಗಿತ್ತು.

ಬ್ರಿಟಿಷ್ ಭಾರತದ ಕಾಯಿದೆಗೆ 1939ರಲ್ಲಿ ಆದ ತಿದ್ದುಪಡಿಯ ಪ್ರಕಾರ, ವರ್ಷದಲ್ಲಿ 182 ದಿನ ಅಲ್ಲಿದ್ದವನು ಅಲ್ಲಿಯ ನಿವಾಸಿ. ಅಷ್ಟೇ ಆಗಿದ್ದರೆ ಸರಳ. ಆದರೆ 182 ದಿನ ಅಲ್ಲೊಂದು ವಾಸದ ಮನೆಯನ್ನು ಇಟ್ಟುಕೊಂಡು, ಆ ವರ್ಷದಲ್ಲಿ ಒಮ್ಮೆ ಅಲ್ಲಿ ಕಾಲಿಟ್ಟರೂ ನಿವಾಸಿಯೇ! ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಅಲ್ಲಿದ್ದು, ಈ ವರ್ಷ ಅಪರೂಪದ ಭೇಟಿಯಲ್ಲದೆ ಬೇರೆ ಕಾರಣಕ್ಕೆ ಬಂದಿದ್ದರೆ ಆಗಲೂ ನಿವಾಸಿ. ನಿವಾಸಿಯಾದರೂ ಸಂಸ್ಥಾನದಲ್ಲಿ ಗಳಿಸಿದ ಹಣಕ್ಕೆ ವಿನಾಯಿತಿ ಇತ್ತು. ಆದರೆ ಆ ಹಣವನ್ನು ಗಡಿ ದಾಟಿಸಿ ತಂದರೆ ವಿನಾಯಿತಿ ಹೋಯಿತು. ಒಂದೇ ಹೊಳೆಯ ನೀರು ಕುಡಿಯುವ ಎರಡು ದಂಡೆಯ ಜನರ ನಡುವೆ ದುಡ್ಡು ದಾಟಿದ್ದಕ್ಕೂ ಲೆಕ್ಕ, ದೇಹ ದಾಟಿದ್ದಕ್ಕೂ ಲೆಕ್ಕ.

ನಮ್ಮ ತಂದೆಯವರು ಸ್ವಾತಂತ್ರ್ಯ ಬರುವ ಹೊತ್ತಿನಲ್ಲಿ ದಾವಣಗೆರೆಯ ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಸೇರಿದ್ದರು. ರಾಣೆಬೆನ್ನೂರು, ಹುಬ್ಬಳ್ಳಿಗಳ ಗಿರಾಕಿಗಳ ಖಾತೆಗೆ ಕೆಂಪು ಬಟ್ಟೆಯ ಪುಸ್ತಕ, ಸಂಸ್ಥಾನದೊಳಗಿನ ಗಿರಾಕಿಗಳಿಗೆ ಹಳದಿ ಬಟ್ಟೆಯ ಪುಸ್ತಕ ಇತ್ತೆಂದು ಹೇಳುತ್ತಿದ್ದರು. ಸಾಹುಕಾರರು ಹೊಳೆಯಾಚೆ ಎಷ್ಟು ರಾತ್ರಿ ತಂಗಿದರೆಂಬುದನ್ನು ಬರೆದಿಡುವುದೂ ಗುಮಾಸ್ತರ ಕೆಲಸವೇ. ‘ಸಾಹುಕಾರರಿಗೆ ಆಚೆ ಮಗಳ ಮನೆ. ಹಬ್ಬಕ್ಕೆ ಹೋಗಿ ನಾಲ್ಕು ದಿನ ನಿಂತರೂ ನಾವು ಪುಸ್ತಕದಲ್ಲಿ ಬರೆಯಬೇಕಾಗಿತ್ತು’ ಎಂದು ತಂದೆಯವರು ನಗುತ್ತಿದ್ದರು. ನಗು ಏನೋ ಸರಿ. ಮಗಳ ಮನೆಯಲ್ಲಿ ಉಂಡ ಹೋಳಿಗೆಗೂ ತಾರೀಖು ಹಾಕಿಡಬೇಕಾದ ಕಾಲವನ್ನು ನೆನೆದರೆ ನನಗೆ ನಗು ಬರುವುದಿಲ್ಲ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದೇ ವರ್ಷದ ಏಪ್ರಿಲ್ 1ರಿಂದ ಮೈಸೂರೂ ಸೇರಿದಂತೆ ಹಲವು ಹಳೆಯ ಸಂಸ್ಥಾನಗಳಿಗೆ ಭಾರತದ ಆದಾಯ ತೆರಿಗೆ ಕಾಯಿದೆಯೇ ಅನ್ವಯವಾಯಿತು. ಹಳೆಯ ದರಕ್ಕೂ ಹೊಸ ದರಕ್ಕೂ ಇದ್ದ ಅಂತರದಿಂದ ಜನರಿಗೆ ಒಮ್ಮೆಲೇ ಹೊರೆಯಾಗಬಾರದೆಂದು 1950ರಲ್ಲಿಯೇ ರಿಯಾಯಿತಿ ಆದೇಶವೊಂದನ್ನೂ ಹೊರಡಿಸಿದರು. ಹೀಗೆ ಭಾಷಾವಾರು ಏಕೀಕರಣಕ್ಕೆ ಆರು ವರ್ಷ ಮೊದಲೇ, ತೆರಿಗೆಯ ಮಟ್ಟಿಗೆ ಹರಿಹರದ ಎರಡು ದಂಡೆಗಳು ಒಂದಾದವು. ಏಕೀಕರಣದ ಕಥೆಯನ್ನು ನವೆಂಬರ್ ತಿಂಗಳಲ್ಲಿ ನಾವು ಸಡಗರದಿಂದ ಹೇಳುತ್ತೇವೆ. ಏಪ್ರಿಲ್ ತಿಂಗಳ ಈ ಕಥೆಯನ್ನು ಯಾರೂ ಹೇಳುವುದಿಲ್ಲ. ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿರುವ ಊರಿನವರಾದ ನಾವಾದರೂ ಅದನ್ನು ಮರೆಯಬಾರದು.

ಸಂವಿಧಾನದ ಏಳನೆಯ ಅನುಸೂಚಿಯನ್ನು ತರಗತಿಯಲ್ಲಿ ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ, ಬೈದುಕೊಂಡೇ ಕಲಿತಿರಿ. ಅದರ ಪ್ರಯೋಜನ ಈಗ ನೋಡಿ. ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರ ಪಟ್ಟಿಯ 82ನೆಯ ನಮೂದು. ಕೃಷಿ ಆದಾಯದ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 46ನೆಯದು. ವೃತ್ತಿ ತೆರಿಗೆ 60ನೆಯದು. ಸಂಬಳ, ವ್ಯಾಪಾರ, ಬಡ್ಡಿ, ಬಾಡಿಗೆ ಇವುಗಳ ಮಟ್ಟಿಗೆ ಕಾನೂನು ಕೇಳುವುದು ‘ನೀನು ಭಾರತದ ನಿವಾಸಿಯೋ ಅಲ್ಲವೋ’ ಎಂದಷ್ಟೇ. ಕರ್ನಾಟಕದವನೋ ತೆಲಂಗಾಣದವನೋ ಎಂದಲ್ಲ.

ಆದ್ದರಿಂದ ಎರಡನೆಯ ಪ್ರಶ್ನೆ ಕೇಳಿದ ನನ್ನ ಹುಡುಗಿಗೆ ಉತ್ತರ ಸುಲಭ. ಅಮ್ಮಾ, ಹರಿಹರದಲ್ಲಿ ಕುಳಿತು ದುಡಿದರೂ ಹೈದರಾಬಾದಿನಲ್ಲಿ ಕುಳಿತು ದುಡಿದರೂ ನಿನ್ನ ಆದಾಯ ತೆರಿಗೆಯಲ್ಲಿ ಒಂದು ಪೈಸೆಯೂ ಹೆಚ್ಚುಕಡಿಮೆಯಾಗದು. ನಿನ್ನ ವಿಳಾಸವನ್ನು ನೋಡಿ ತೆರಿಗೆ ಅಧಿಕಾರಿಯ ವ್ಯಾಪ್ತಿ ನಿರ್ಧಾರವಾಗುತ್ತಿತ್ತೆಂಬುದು ನಿಜ. ಆದರೆ 2019ರಿಂದೀಚೆಗೆ ಮುಖಾಮುಖಿಯಿಲ್ಲದ ತೆರಿಗೆ ನಿರ್ಧಾರಣೆ ಬಂದ ಮೇಲೆ ಅದರ ಮಹತ್ವವೂ ಕುಗ್ಗಿದೆ. ನೋಟೀಸು ಕೈತಪ್ಪದಿರಲೆಂದು ಪ್ಯಾನ್ ದಾಖಲೆಯಲ್ಲಿ ನಿಜವಾದ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಇಟ್ಟುಕೋ, ಅಷ್ಟು ಸಾಕು.

ರಾಜ್ಯಕ್ಕೆ ಸೇರುವುದು ವೃತ್ತಿ ತೆರಿಗೆ ಮಾತ್ರ. ಸಂವಿಧಾನದ 276ನೆಯ ವಿಧಿ ಇದಕ್ಕೆ ಮಿತಿ ಹಾಕಿದೆ. 1950ರಲ್ಲಿ ಆ ಮಿತಿ ವರ್ಷಕ್ಕೆ 250 ರೂಪಾಯಿ. 1988ರ ಅರವತ್ತನೆಯ ತಿದ್ದುಪಡಿಯಿಂದ 2,500 ರೂಪಾಯಿ. ಕರ್ನಾಟಕದ ವೃತ್ತಿ ತೆರಿಗೆ ಕಾಯಿದೆ 1976ರದು. 2023ರ ಏಪ್ರಿಲಿನಿಂದ 25,000 ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಮಾಸಿಕ ಸಂಬಳಕ್ಕೆ ಮಾತ್ರ, ಬಹುತೇಕ ತಿಂಗಳುಗಳಲ್ಲಿ 200 ರೂಪಾಯಿಯ ಲೆಕ್ಕದಲ್ಲಿ ಇದನ್ನು ಹಿಡಿಯುತ್ತಾರೆ. ತೆಲಂಗಾಣದಲ್ಲೂ ದೊಡ್ಡ ಸಂಬಳಕ್ಕೆ ತಿಂಗಳಿಗೆ 200. ರಾಜ್ಯ ಬದಲಾದರೆ ನಿನ್ನ ಸಂಬಳದ ಚೀಟಿಯಲ್ಲಿ ಆಗುವ ವ್ಯತ್ಯಾಸ ಒಂದು ಬೆಣ್ಣೆದೋಸೆಯ ಬೆಲೆಗಿಂತ ಹೆಚ್ಚಲ್ಲ. ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಕೆಲಸ ಮಾಡುವ ಮಗಳಿಗೆ ‘ಇಲ್ಲಿ ಇಷ್ಟು ದಿನವಾಯಿತು, ಇನ್ನು ನೀನು ಈ ರಾಜ್ಯದ ತೆರಿಗೆದಾರಳು’ ಎಂದು ಯಾರೂ ಬಂದು ಹೇಳುವುದಿಲ್ಲ. ಇದು ಸಣ್ಣ ಸೌಲಭ್ಯವಲ್ಲ. ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಮೊದಲ ಪ್ರಶ್ನೆ ಕೇಳಿದವನ ಪಾಡನ್ನು ನೋಡಬೇಕು.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಆದಾಯ ತೆರಿಗೆಯ ಮೇಲೆ ಬಹುತೇಕ ರಾಜ್ಯಗಳು ತಮ್ಮದೇ ಆದಾಯ ತೆರಿಗೆಯನ್ನೂ ಹಾಕುತ್ತವೆ. ನ್ಯೂಜೆರ್ಸಿ 1976ರಿಂದ ಹಾಕುತ್ತ ಬಂದಿದೆ. ಟೆಕ್ಸಾಸ್, ಫ್ಲಾರಿಡಾ ಮೊದಲಾದ ಕೆಲವು ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ. ಹೀಗಿರುವಾಗ ತೆರಿಗೆಯುಳ್ಳ ರಾಜ್ಯದಿಂದ ತೆರಿಗೆಯಿಲ್ಲದ ರಾಜ್ಯಕ್ಕೆ ಹೋದವರು ‘ನಾನಿನ್ನು ಅಲ್ಲಿಯವನಲ್ಲ’ ಎನ್ನಲು ಹಾತೊರೆಯುವುದೂ, ಹಳೆಯ ರಾಜ್ಯದವರು ‘ನೀನು ಎಲ್ಲಿಗೆ ಹೋದರೂ ನಮ್ಮವನೇ’ ಎಂದು ಸೆರಗು ಹಿಡಿಯುವುದೂ ಸಹಜವೇ.

ಅಲ್ಲಿ ಎರಡು ಅಳತೆಗೋಲುಗಳಿವೆ. ಒಂದು, ಮನಸ್ಸಿನ ಮನೆ: ಎಲ್ಲಿಗೆ ಹೋದರೂ ಕೊನೆಗೆ ಹಿಂದಿರುಗಿ ಬರಬೇಕೆಂದು ಇಟ್ಟುಕೊಂಡಿರುವ ಕಾಯಂ ಮನೆ. ಇದನ್ನು ಕಾನೂನಿನವರು ಡೊಮಿಸೈಲ್ ಎನ್ನುತ್ತಾರೆ. ಹೊಸದೊಂದು ಕಾಯಂ ಮನೆಯನ್ನು ನಿಜವಾಗಿ ಹೂಡುವವರೆಗೆ ಹಳೆಯದೇ ಮುಂದುವರಿಯುತ್ತದೆ. ಇನ್ನೊಂದು, ದಿನಗಳ ಲೆಕ್ಕ: ಉದಾಹರಣೆಗೆ ನ್ಯೂಯಾರ್ಕಿನಲ್ಲಿ ಕಾಯಂ ವಾಸದ ಮನೆಯೊಂದನ್ನು ಇಟ್ಟುಕೊಂಡು ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚು ಅಲ್ಲಿ ಕಳೆದವನನ್ನು, ಅವನ ಮನಸ್ಸಿನ ಮನೆ ಬೇರೆಡೆ ಇದ್ದರೂ, ನಿವಾಸಿಯೆಂದೇ ತೆರಿಗೆಗೆ ಹಿಡಿಯುತ್ತಾರೆ. ಎರಡು ರಾಜ್ಯಗಳೂ ಒಬ್ಬನನ್ನೇ ‘ನಮ್ಮವನು’ ಎಂದು ಎಳೆದಾಡುವ ಸಂದರ್ಭಗಳೂ ಉಂಟು.

ನನ್ನ ವಿದ್ಯಾರ್ಥಿಯ ಹೆಂಡತಿ ಮಕ್ಕಳು ನ್ಯೂಜೆರ್ಸಿಯ ಮನೆಯಲ್ಲೇ ಇದ್ದರು. ಮಕ್ಕಳು ಅಲ್ಲಿಯ ಸಾರ್ವಜನಿಕ ಶಾಲೆಯಲ್ಲಿ ಓದುತ್ತಿದ್ದರು. ನ್ಯೂಜೆರ್ಸಿಯ ಕಾನೂನಿನಂತೆ, ಅಲ್ಲಿಯ ಕಾಯಂ ವಾಸಿಯೊಬ್ಬನು ಆ ವರ್ಷಕ್ಕೆ ಅನಿವಾಸಿ ಎನಿಸಿಕೊಳ್ಳಬೇಕಾದರೆ ಅವನಿಗೆ ಅಲ್ಲಿ ಕಾಯಂ ಮನೆ ಇರಕೂಡದು, ಹೊರಗೆ ಕಾಯಂ ಮನೆ ಇರಬೇಕು, ಅಲ್ಲಿ ಮೂವತ್ತು ದಿನಕ್ಕಿಂತ ಹೆಚ್ಚು ಕಳೆದಿರಕೂಡದು. ಮೂರೂ ಕೂಡಿಬರಬೇಕು. ಇವನಿಗೆ ಮೊದಲನೆಯದೇ ಕೂಡಿಬರಲಿಲ್ಲ. ಟೆಕ್ಸಾಸಿಗೆ ತೆರಿಗೆ ಕಟ್ಟಿದ್ದರೆ ಅದನ್ನು ಇಲ್ಲಿ ವಜಾ ಮಾಡಿಸಿಕೊಳ್ಳಬಹುದಾಗಿತ್ತು. ಅಲ್ಲಿ ತೆರಿಗೆಯೇ ಇಲ್ಲವಾದ್ದರಿಂದ ವಜಾ ಮಾಡಲು ಏನೂ ಇಲ್ಲ. ಹೀಗೆ ಇಡೀ ಸಂಬಳದ ಮೇಲೆ ನ್ಯೂಜೆರ್ಸಿಯ ತೆರಿಗೆ ಬಿತ್ತು.

ಅವನ ಗೆಳೆಯರು ಉಪಾಯ ಹೇಳಿಕೊಟ್ಟರಂತೆ: ‘ಟೆಕ್ಸಾಸಿನ ಚಾಲನಾ ಪರವಾನಗಿ ಮಾಡಿಸು, ಬ್ಯಾಂಕಿನ ವಿಳಾಸ ಬದಲಿಸು, ಹೊಸ ಊರಿಗೆ ಕಾಯಂ ಬಂದೆ ಎಂದು ಬರೆದುಕೊಡು’ ಎಂದು. ಅವನು ಮಾಡಲಿಲ್ಲ; ನನ್ನನ್ನು ಕೇಳಿದ. ನಾನು ಹೇಳಿದ್ದು ಇಷ್ಟೇ: ಮಗೂ, ನಿನ್ನ ಮಕ್ಕಳ ಶಾಲೆಗೆ ನೆರವು ಹೋಗುವುದು ಆ ತೆರಿಗೆಯಿಂದ. ನೀನು ಹದಿನಾಲ್ಕು ತಿಂಗಳ ನಂತರ ಹಿಂದಿರುಗುವುದು ಆ ಮನೆಗೆ. ಊರು ಬಿಟ್ಟಿಲ್ಲದವನು ಊರು ಬಿಟ್ಟೆನೆಂದು ಸಹಿ ಹಾಕಿದರೆ ಉಳಿಯುವುದು ಹಣ, ಹೋಗುವುದು ಮಾತು. ಇಲ್ಲಿ ಕಾನೂನು ಕಠಿಣವೆನಿಸಿದರೂ ಅದು ಕೇಳಿದ ಪ್ರಶ್ನೆ ಸರಿಯಾದದ್ದೇ. ನಿನ್ನ ಮನೆ ಎಲ್ಲಿದೆ ಎಂದು ಕೇಳಿತು. ನಿಜವಾಗಿ ಸಂಸಾರ ಸಮೇತ ಎತ್ತಿಕೊಂಡು ಹೋದವನ ಮಾತು ಬೇರೆ. ಅವನು ಹೋದ ದಿನಾಂಕ, ಮನೆ ಮಾರಿದ ಅಥವಾ ಬಾಡಿಗೆಗೆ ಕೊಟ್ಟ ಪತ್ರ, ಮಕ್ಕಳ ಶಾಲೆಯ ದಾಖಲೆ, ಎಲ್ಲವನ್ನೂ ಜೋಪಾನ ಮಾಡಿ ‘ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ’ ಎಂದು ಧೈರ್ಯವಾಗಿ ಬರೆದುಕೊಡಲಿ.

ಇದು ಒಬ್ಬಿಬ್ಬರ ಕಷ್ಟವಾಗಿ ನಿಲ್ಲುವುದಿಲ್ಲ. ರಾಜ್ಯಗಳೇ ಪರಸ್ಪರ ನ್ಯಾಯಾಲಯದ ಮೆಟ್ಟಿಲೇರಿದ ಉದಾಹರಣೆಯಿದೆ. 2020ರ ಕೊರೋನಾ ಕಾಲದಲ್ಲಿ ಮ್ಯಾಸಚೂಸೆಟ್ಸಿನ ಕಚೇರಿಗಳ ಕೆಲಸವನ್ನು ನೆರೆಯ ನ್ಯೂಹ್ಯಾಂಪ್‌ಷೈರಿನ ಜನ ತಮ್ಮ ಮನೆಗಳಲ್ಲೇ ಕುಳಿತು ಮಾಡಿದರು. ನ್ಯೂಹ್ಯಾಂಪ್‌ಷೈರಿನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಆದರೂ ಮ್ಯಾಸಚೂಸೆಟ್ಸಿನವರು ತಾತ್ಕಾಲಿಕ ನಿಯಮವೊಂದನ್ನು ಮಾಡಿ, ಮೊದಲಿನಂತೆಯೇ ತೆರಿಗೆ ಹಿಡಿದರು. ನೆರೆರಾಜ್ಯ ದೂರು ಕೊಂಡೊಯ್ದಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2021ರ ಜೂನ್ ತಿಂಗಳಲ್ಲಿ ಆ ದಾವೆಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದೇ ಹೊತ್ತಿನಲ್ಲಿ ಬೆಂಗಳೂರು, ಹೈದರಾಬಾದ್, ಪುಣೆಗಳಿಂದ ನಮ್ಮ ಮಕ್ಕಳು ದಾವಣಗೆರೆ, ಹರಿಹರಗಳಿಗೆ ಬಂದು ಅಟ್ಟದ ಮೇಲೆ, ಜಗಲಿಯ ಮೇಲೆ ಕುಳಿತು ತಿಂಗಳುಗಟ್ಟಲೆ ಕೆಲಸ ಮಾಡಿದರು. ಯಾವ ರಾಜ್ಯವೂ ಅವರ ಸಂಬಳಕ್ಕಾಗಿ ಇನ್ನೊಂದು ರಾಜ್ಯದ ಮೇಲೆ ದಾವೆ ಹೂಡಲಿಲ್ಲ. 1950ರ ಏಪ್ರಿಲ್ ನಮಗೆ ಕೊಟ್ಟ ವರ ಇದು.

ಈಗ ಮೂರನೆಯವನ ಅಸಮಾಧಾನಕ್ಕೆ ಬರೋಣ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಹದಿನಾಲ್ಕನೆಯ ಹಣಕಾಸು ಆಯೋಗದ ಅವಧಿಯಲ್ಲಿ ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇಕಡಾ 4.713 ಇದ್ದದ್ದು, ಹದಿನೈದನೆಯ ಆಯೋಗದ 2021–26ರ ಅವಧಿಗೆ ಶೇಕಡಾ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿಗಳೂ ಮಂತ್ರಿಗಳೂ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತು ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದದ್ದು ಎಲ್ಲರಿಗೂ ನೆನಪಿದೆ. ದುಡಿದವನ ಮನೆಗೆ ಪಾಲು ಕಡಿಮೆಯಾದರೆ ಕೇಳುವುದು ತಪ್ಪಲ್ಲ. ಕೇಳಲೇಬೇಕು.

ಆದರೆ ಕೇಳುವ ಸ್ಥಳ ಹಣಕಾಸು ಆಯೋಗ ಮತ್ತು ಸಂಸತ್ತು. ಅದರ ಪರಿಹಾರವೆಂದು ವ್ಯಕ್ತಿಯ ಸಂಬಳದ ಮೇಲೆ ರಾಜ್ಯದ ಗೆರೆ ಎಳೆದರೆ, ಸರ್ಕಾರಗಳ ಜಗಳವನ್ನು ತಂದು ಬಡವನ ಹೊಸ್ತಿಲ ಮೇಲೆ ಕೂರಿಸಿದಂತೆ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂದು ಗಾದೆ. ಇಲ್ಲಿ ಬಡವಾಗುವ ಕೂಸು ಆರು ತಿಂಗಳ ಕೆಲಸಕ್ಕೆ ಊರು ಬಿಡುವ ಹುಡುಗ ಹುಡುಗಿಯರು.

ಇನ್ನೂ ಒಂದು ಮಾತು. ಯಾವ ರಾಜ್ಯದಿಂದ ಎಷ್ಟು ಆದಾಯ ತೆರಿಗೆ ಬಂತೆಂಬ ಪಟ್ಟಿಯಲ್ಲಿ ಮಹಾರಾಷ್ಟ್ರ ಮೊದಲು, ಕರ್ನಾಟಕ ಮುಂಚೂಣಿಯಲ್ಲಿ ಎಂದು ಓದುತ್ತೇವೆ. ಆದರೆ ಸಂಬಳದಲ್ಲಿ ಮುರಿದುಕೊಂಡ ತೆರಿಗೆಯನ್ನು ಕಟ್ಟುವವರು ಮಾಲೀಕರು. ಅದು ದಾಖಲಾಗುವುದು ಅವರ ಸಂಖ್ಯೆಯಲ್ಲಿ, ಅವರ ಕಚೇರಿ ಇರುವೆಡೆ. ಮುಂಬಯಿಯಲ್ಲಿ ಮುಖ್ಯ ಕಚೇರಿಯಿರುವ ಬ್ಯಾಂಕಿನ ಹರಿಹರ ಶಾಖೆಯ ವ್ಯವಹಾರದ ಲಾಭಕ್ಕೂ ಮುಂಬಯಿಯಲ್ಲೇ ತೆರಿಗೆ. ಹಾಗೆಯೇ ಬೆಂಗಳೂರಿನಲ್ಲಿ ದಾಖಲಾಗುವ ತೆರಿಗೆಯಲ್ಲಿ ಒಡಿಶಾದ, ಬಿಹಾರದ, ಕೇರಳದ ಬೆವರೂ ಇದೆ. ‘ನಮ್ಮ’ ತೆರಿಗೆ ಯಾವುದೆಂದು ಗೆರೆ ಹೊಡೆಯುವುದು ಭಾಷಣದಲ್ಲಿ ಸುಲಭ, ಖಾತೆಯಲ್ಲಿ ಕಷ್ಟ.

ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ಮಾತಾಡಿದೆ. 1984ರ ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ, ಭಾರತದಲ್ಲಿ ಇರುವ ಡೊಮಿಸೈಲ್ ಒಂದೇ, ಅದು ಭಾರತದ್ದು. ರಾಜ್ಯದ ಡೊಮಿಸೈಲ್ ಎಂಬುದು ನಮ್ಮ ಸಂವಿಧಾನದಲ್ಲಿಲ್ಲ ಎಂದು ವಿವರಿಸಿತು. 2025ರ ಜನವರಿ 29ರಂದು, ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ರಾಜ್ಯವಾಸದ ಆಧಾರದ ಮೀಸಲಾತಿ ಸಲ್ಲದೆಂದು ತೀರ್ಪಿತ್ತಾಗಲೂ ಈ ತತ್ತ್ವವನ್ನೇ ನೆನಪಿಸಿತು. ವೈದ್ಯಕೀಯ ಕಾಲೇಜುಗಳಿಂದಾಗಿ ದೇಶದ ಮೂಲೆಮೂಲೆಯ ಮಕ್ಕಳನ್ನು ಕಂಡಿರುವ ದಾವಣಗೆರೆಗೆ ಈ ಮಾತು ಹೊಸದಲ್ಲ.

ಹಾಗೆಂದು ತಾತ್ಕಾಲಿಕವಾಗಿ ಊರು ಬಿಟ್ಟವರ ತೊಂದರೆಯೆಲ್ಲ ತೀರಿತೆಂದು ನಾನು ಹೇಳಲಾರೆ. ತೆರಿಗೆ ಕೇಳದ ಪ್ರಶ್ನೆಯನ್ನು ಬೇರೆ ಕಚೇರಿಗಳು ಕೇಳುತ್ತಲೇ ಇವೆ. ವೃತ್ತಿ ಶಿಕ್ಷಣದ ಸಿಇಟಿ ಅರ್ಹತೆಗೆ ಇರುವ ಹಲವು ಕಲಮುಗಳಲ್ಲಿ ಮುಖ್ಯವಾದದ್ದು, ಮಗು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬುದು. ತಂದೆಯ ವರ್ಗಾವಣೆಯ ಹಿಂದೆ ಸುತ್ತಿದ ಮಗುವಿಗೆ ಅದು ಆರು ವರ್ಷವಾದರೆ ಪೋಷಕರು ಬೇರೆ ಕಲಮು ಹುಡುಕಿಕೊಂಡು ಅಲೆಯಬೇಕು. ಬೇರೆ ರಾಜ್ಯಕ್ಕೆ ಕೊಂಡೊಯ್ದ ವಾಹನ ಹನ್ನೆರಡು ತಿಂಗಳು ಮೀರಿದರೆ ಅಲ್ಲಿ ಹೊಸದಾಗಿ ನೋಂದಣಿ. ಈ ಕೊನೆಯದಕ್ಕೆ 2021ರಲ್ಲಿ ಬಂದ ‘ಬಿಎಚ್’ ಸರಣಿಯ ನೋಂದಣಿ ಒಳ್ಳೆಯ ದಾರಿ ತೋರಿಸಿದೆ: ವರ್ಗವಾಗುತ್ತಲೇ ಇರುವ ನೌಕರನು ಹದಿನೈದು ವರ್ಷದ ತೆರಿಗೆಯನ್ನು ಒಂದೇ ರಾಜ್ಯಕ್ಕೆ ಸುರಿಯದೆ, ಎರಡೆರಡು ವರ್ಷದ ಕಂತಿನಲ್ಲಿ ಕಟ್ಟಬಹುದು. ಜನ ಚಲಿಸುತ್ತಾರೆಂಬ ಸತ್ಯವನ್ನು ಒಪ್ಪಿಕೊಂಡು ಮಾಡಿದ ನಿಯಮ ಹೀಗಿರುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಕಾನೂನು 1950ರ ಜನತಾ ಪ್ರಾತಿನಿಧ್ಯ ಕಾಯಿದೆ. ಮತದಾರನು ಎಲ್ಲಿಯ ಸಾಮಾನ್ಯ ನಿವಾಸಿ ಎಂಬುದನ್ನು ಅದರ ಇಪ್ಪತ್ತನೆಯ ಕಲಮು ಎರಡು ಮಾತುಗಳಲ್ಲಿ ಬಗೆಹರಿಸಿದೆ. ಒಂದು ಊರಿನಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ನಿವಾಸಿಯಲ್ಲ. ಊರಿನಿಂದ ತಾತ್ಕಾಲಿಕವಾಗಿ ಹೋದ ಮಾತ್ರಕ್ಕೆ ನಿವಾಸಿತನ ಹೋಗುವುದೂ ಇಲ್ಲ. ಹಣವಂತನಿಗೆ ಮೊದಲನೆಯ ಮಾತು ಅಂಕುಶ, ದುಡಿಯಲು ಹೋದವನಿಗೆ ಎರಡನೆಯ ಮಾತು ಆಸರೆ. ನಿವಾಸವನ್ನು ಕೇಳುವ ಪ್ರತಿಯೊಂದು ಕಚೇರಿಯ ಗೋಡೆಯ ಮೇಲೂ ಈ ಎರಡು ಮಾತುಗಳನ್ನು ಬರೆಸಬೇಕೆಂಬುದು ನನ್ನ ಆಸೆ.

ವಿದೇಶಕ್ಕೆ ಹೋಗಿಬರುವ ವಿದ್ಯಾರ್ಥಿಗಳಿಗೂ ಒಂದೆರಡು ಮಾತು. ರಾಜ್ಯದ ಗೆರೆ ಇಲ್ಲದಿದ್ದರೂ ದೇಶದ ಗೆರೆ ಇದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ತೆರಿಗೆಯ ಮಟ್ಟಿಗೆ ಇಲ್ಲಿಯ ನಿವಾಸಿ. ಆ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇದ್ದರೂ ನಿವಾಸಿಯೇ. ಆದರೆ ಉದ್ಯೋಗಕ್ಕೆಂದು ದೇಶ ಬಿಡುವ ಭಾರತೀಯ ಪ್ರಜೆಗೆ ಆ ವರ್ಷ 60ರ ಬದಲು 182ರ ಲೆಕ್ಕ. ಊರಿಗೆ ಬಂದುಹೋಗುವ ಅನಿವಾಸಿಗಳಿಗೂ ಸಾಮಾನ್ಯವಾಗಿ 182. ಭಾರತದೊಳಗಿನ ಆದಾಯ 15 ಲಕ್ಷ ಮೀರಿದವರಿಗೆ ಮಾತ್ರ 2020ರ ತಿದ್ದುಪಡಿಯ ನಂತರ 120. ಸಂಸತ್ತು 2025ರಲ್ಲಿ ಅಂಗೀಕರಿಸಿ, 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಿದ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿಯೂ ದಿನಗಳ ಲೆಕ್ಕದ ಪದ್ಧತಿಯೇ ಮುಂದುವರಿದಿದೆ. 2020ರ ಮಾರ್ಚಿನಲ್ಲಿ ತಂದೆತಾಯಿಯರನ್ನು ನೋಡಲು ಬಂದು ವಿಮಾನವಿಲ್ಲದೆ ಸಿಕ್ಕಿಬಿದ್ದವರಿಗೆ, ಆ ತಿಂಗಳ 22ರಿಂದ 31ರವರೆಗಿನ ದಿನಗಳನ್ನು ಎಣಿಸಬೇಡಿರೆಂದು ಅದೇ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿತು. ಬಯಸದೆ ಉಳಿದ ದಿನವನ್ನು ಬಯಸಿ ಉಳಿದ ದಿನದೊಂದಿಗೆ ಕೂಡಿಸಬಾರದೆಂಬ ವಿವೇಕ ಅದರಲ್ಲಿದೆ. ನೀವು ಮಾತ್ರ ಬಂದ ದಿನ, ಹೋದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ.

ಬೆಂಗಳೂರಿಗೆ ಹೋದವರಿಗೆ ಹೇಳಬೇಕಾದ್ದೂ ಒಂದಿದೆ. ಬೆಂಗಳೂರಿನ ಪಿಜಿಯಲ್ಲಿ ಇದ್ದುಕೊಂಡು, ದಾವಣಗೆರೆಯ ತಾಯಿಯ ಮನೆಗೆ ತಿಂಗಳಿಗಿಷ್ಟು ಬಾಡಿಗೆ ಕೊಟ್ಟೆನೆಂದು ಚೀಟಿ ಬರೆಸಿಕೊಂಡು, ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ಜಾಣತನ ಬೇಡ. ಆ ವಿನಾಯಿತಿ ನೀವು ನಿಜವಾಗಿ ವಾಸಿಸುವ, ನಿಜವಾಗಿ ಬಾಡಿಗೆ ಕೊಡುವ ಮನೆಗೆ ಮಾತ್ರ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಕೊಡಬೇಕು. ತಾಯಿಗೆ ಹಣ ಕೊಡುವುದಾದರೆ ಮಗನಾಗಿ, ಮಗಳಾಗಿ ಕೊಡಿ, ಬಾಡಿಗೆದಾರನಾಗಿ ಕೊಡಬೇಡಿ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು. ಹಂಚಿಕೆಯಲ್ಲಿ ನ್ಯಾಯ ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಆದರೆ ಅದಕ್ಕಾಗಿ ದುಡಿಯುವವನ ಕಾಲಿಗೆ ರಾಜ್ಯದ ಹಗ್ಗ ಕಟ್ಟುವ ಮಾತಿಗೆ ತಲೆದೂಗದಿರೋಣ. ಹೊಟ್ಟೆಪಾಡಿಗೆ, ಓದಿಗೆ, ಹೆತ್ತವರ ಆರೈಕೆಗೆ ಆರು ತಿಂಗಳು ವರ್ಷ ಊರು ಬದಲಿಸುವವರು ಎಲ್ಲ ಕಾಲಕ್ಕೂ ಇದ್ದಾರೆ. ಅವರು ತಂಗಿದ ರಾತ್ರಿಗಳನ್ನು ಎಣಿಸಿಡುವ ಗುಮಾಸ್ತಿಕೆ ಮತ್ತೆ ಈ ನಾಡಿಗೆ ಬಾರದಿರಲಿ. ಇದನ್ನು ಓದಿದ ಮೇಲೆಯೂ ದಾವಣಗೆರೆಯ ನನ್ನ ವ್ಯಾಪಾರಸ್ಥ ಶಿಷ್ಯ ಒಪ್ಪದಿದ್ದರೆ ಮನೆಗೆ ಬರಲಿ. ಏಳನೆಯ ಅನುಸೂಚಿಯ ಪುಟವನ್ನು ಗುರುತು ಹಾಕಿ ಇಟ್ಟಿದ್ದೇನೆ, ಕಾಫಿಯೂ ಸಿಗುತ್ತದೆ.